ಹೆರಿಗೆಯೂ ಕಾಫಿ ಕೊಯ್ಲೂ ಒಂದೇ ತಿಂಗಳಲ್ಲಿ: ಗಂಡನಾದವನು ಎಷ್ಟು ದಿನ ಜೊತೆಗಿರಬೇಕು?

ಪ್ರಶ್ನೆ: ಸಿದ್ದಾಪುರದವನು
ನಮ್ಮದು ಆರು ಎಕರೆ ರೋಬಸ್ಟಾ ತೋಟ. ಹೆಂಡತಿಗೆ ಇದು ಚೊಚ್ಚಲು. ವೈದ್ಯರು ಜನವರಿ ಕೊನೆಯ ವಾರದ ದಿನಾಂಕ ಕೊಟ್ಟಿದ್ದಾರೆ, ಅಂದರೆ ಕೊಯ್ಲಿನ ನಟ್ಟನಡುವೆ. ಬಾಣಂತನಕ್ಕೆ ಮಗಳನ್ನು ಮೂರು ತಿಂಗಳು ಹುಣಸೂರಿಗೆ ಕರೆದೊಯ್ಯುವುದಾಗಿ ಅತ್ತೆ ಹೇಳುತ್ತಾರೆ. ನಾನು ಜೊತೆಗಿರಬೇಕೆಂಬುದು ಹೆಂಡತಿಯ ಆಸೆ. ತೋಟವನ್ನು ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಕೈಗೆ ಒಪ್ಪಿಸಿ ಹೋದವರಿದ್ದರೆ, ಎಷ್ಟು ದಿನ ಇದ್ದಿರಿ, ಅಲ್ಲಿ ನಿಮ್ಮಿಂದ ನಿಜವಾಗಿ ಏನು ಉಪಯೋಗವಾಯಿತು ಎಂಬುದನ್ನು ತಿಳಿಸಿ.

ಸುಂಟಿಕೊಪ್ಪದ ಬೆಳೆಗಾರ
ನಾನು ಹೋದೆ, 19 ದಿನ ಇದ್ದೆ, ಅದರ ಬೆಲೆಯನ್ನೂ ತೆತ್ತೆ. ಅದು 2021ರ ಜನವರಿ. ಅಕಾಲದ ಮಳೆ ಹಿಡಿದುಕೊಂಡು, ಹಣ್ಣಾದ ಕಾಫಿ ಗಿಡದಲ್ಲೇ ಬಿರಿದು ಉದುರಿತು. ಕಣದಲ್ಲಿ ಹರಡಿದ್ದನ್ನು ರೈಟರ್ ಹೊತ್ತಿಗೆ ಸರಿಯಾಗಿ ಮುಚ್ಚಿಸಲಿಲ್ಲ. ಒಟ್ಟು 14 ಚೀಲ ಹೋಯಿತು. ಆಗಿನ ಬೆಲೆಯಲ್ಲಿ ಸುಮಾರು 48,000 ರೂಪಾಯಿ. ಟಾರ್ಪಾಲಿಗೆ 6,200, ತಡವಾಗಿ ಬಂದ ಆಳುಗಳ ವ್ಯಾನಿಗೆ 3,000 ಬೇರೆ. ಆದರೂ ಹೋದದ್ದು ತಪ್ಪೆಂದು ನಾನು ಒಪ್ಪುವುದಿಲ್ಲ. ನನ್ನ ಹೆಂಡತಿಯದು ಓ ನೆಗೆಟಿವ್ ರಕ್ತ, ನನ್ನದು ಪಾಸಿಟಿವ್. 28ನೇ ವಾರದಲ್ಲಿ ಒಂದು ಆಂಟಿ-ಡಿ ಚುಚ್ಚುಮದ್ದು ಆಗಿತ್ತು. ಹೆರಿಗೆಯಾಗಿ ಮಗುವಿನದೂ ಪಾಸಿಟಿವ್ ಎಂದು ತಿಳಿದ ಮೇಲೆ 72 ಗಂಟೆಯೊಳಗೆ ಇನ್ನೊಂದು ಆಗಬೇಕಿತ್ತು, ಆಸ್ಪತ್ರೆಯ ಅಂಗಡಿಯಲ್ಲಿ ಅದು ಇರಲಿಲ್ಲ. ಮೂರು ಔಷಧಿ ಅಂಗಡಿ ಸುತ್ತಿ, ಕೊನೆಗೆ ಮೈಸೂರಿನಲ್ಲಿ 2,400 ರೂಪಾಯಿ ಕೊಟ್ಟು, ಐಸ್ ತುಂಬಿದ ಫ್ಲಾಸ್ಕಿನಲ್ಲಿ ಇಟ್ಟುಕೊಂಡು ರಾತ್ರಿ ಆನೆಚೌಕೂರು ಕಾಡಿನ ದಾರಿಯಲ್ಲಿ ಓಡಿ ಬಂದವನು ನಾನು. ಆ ಚುಚ್ಚುಮದ್ದು ತಪ್ಪಿದ್ದರೆ ಮುಂದಿನ ಮಗುವಿನ ರಕ್ತಕಣಗಳನ್ನು ತಾಯಿಯ ದೇಹವೇ ನಾಶಪಡಿಸುವ ಅಪಾಯವಿತ್ತು. ಯಾವ ಅತ್ತೆಯೂ ಆ ಓಡಾಟ ಮಾಡುತ್ತಿರಲಿಲ್ಲ.

ಮಡಿಕೇರಿಯ ಶಿಕ್ಷಕಿ
ಸುಂಟಿಕೊಪ್ಪದ ಅಣ್ಣನವರು ಚೀಲಗಳನ್ನು ಎಣಿಸಿದಷ್ಟು ಶ್ರದ್ಧೆಯಿಂದ ರಾತ್ರಿಗಳನ್ನು ಎಣಿಸಿದಂತಿಲ್ಲ. ಚುಚ್ಚುಮದ್ದು ತಂದದ್ದು ಒಂದು ರಾತ್ರಿ; ಉಳಿದ 18 ರಾತ್ರಿ ಮಗು ಅತ್ತಾಗ ಎದ್ದವರು ಯಾರು?

ನನ್ನ ತವರು ಸುಳ್ಯ. 2018ರ ಆಗಸ್ಟ್ 19ರಂದು ಹೆರಿಗೆಯಾಯಿತು. ಎರಡು ದಿನ ಮೊದಲಷ್ಟೇ ಜೋಡುಪಾಲದಲ್ಲಿ ಗುಡ್ಡ ಜರಿದು ಸಂಪಾಜೆ ಘಾಟಿಯ ರಸ್ತೆಯೇ ಇಲ್ಲವಾಗಿತ್ತು. ಸುತ್ತುದಾರಿಯಲ್ಲಿ ಒಬ್ಬರೇ ಬರುವ ಧೈರ್ಯ ಅಮ್ಮನಿಗಿರಲಿಲ್ಲ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಹೀಗಾಗಿ, ಅನ್ನಕ್ಕೆ ಎಷ್ಟು ನೀರು ಇಡಬೇಕೆಂದು ತಿಳಿಯದ ಮನುಷ್ಯ ನನ್ನ ಬಾಣಂತನಕ್ಕೆ ನಿಂತರು. ಕರೆಂಟ್ ಇಲ್ಲ, ಹಸಿ ಸೌದೆ, ಹಂಡೆಯ ನೀರು ಕಾಯಲು ಎರಡು ಗಂಟೆ. ಮೊದಲ ದಿನ ಕಾಳುಮೆಣಸಿನ ಸಾರನ್ನು ಬಾಯಿಗಿಡಲಾಗಲಿಲ್ಲ. ಕರಿಮೆಣಸು ನಮ್ಮ ತೋಟದ್ದೇ ಎಂದು ಧಾರಾಳವಾಗಿ ಸುರಿದಿದ್ದರು. ಒಂಬತ್ತು ದಿನ ಅವರೂ ಅತ್ತರು, ನಾನೂ ಅತ್ತೆ. ನನ್ನ ರಕ್ತದ ಬಟ್ಟೆಗಳನ್ನು ಅವರು ಬಚ್ಚಲಲ್ಲಿ ಒಗೆಯುವುದನ್ನು ಕಂಡು ಪಕ್ಕದ ಮನೆಯವರು ನನಗೆ ಛೀಮಾರಿ ಹಾಕಿದರು, ಅವರಿಗಲ್ಲ. ಅಮ್ಮ ಬಂದು ಸೇರುವಾಗ ಮಗುವಿಗೆ 24 ದಿನ. ಆ ಹೊತ್ತಿಗೆ ಹೊಲಿಗೆಗೆ ನೋವಾಗದಂತೆ ನನ್ನನ್ನು ಎಬ್ಬಿಸಿ ಕೂರಿಸುವುದು ಅಮ್ಮನಿಗಿಂತ ಅವರಿಗೇ ಚೆನ್ನಾಗಿ ಬರುತ್ತಿತ್ತು. ರಸ್ತೆ ತೆರೆದಿದ್ದರೆ ಅವರು ಭಾನುವಾರಗಳಲ್ಲಿ ಹಣ್ಣು ಹಿಡಿದು ಬಂದು ಹೋಗುತ್ತಿದ್ದರು ಎಂಬುದೂ ನನಗೆ ಗೊತ್ತು.

ಪೊನ್ನಂಪೇಟೆಯ ಹಿರಿಯರೊಬ್ಬರು
ಮೂವರು ಹೆಣ್ಣುಮಕ್ಕಳಿಗೆ, ಇಬ್ಬರು ಸೊಸೆಯಂದಿರಿಗೆ ಬಾಣಂತನ ಮಾಡಿದವಳು ನಾನು. ಗಂಡಸು ಬಾಣಂತಿಯ ಕೋಣೆಯಲ್ಲಿ ಕುಳಿತರೆ ಅವನಿಗೆ ಕಾಫಿ ತಿಂಡಿ ಕೊಡುವ ಕೆಲಸವೂ ನಮ್ಮ ಮೇಲೆಯೇ ಬೀಳುತ್ತದೆ. ನನ್ನ ದೊಡ್ಡ ಅಳಿಯ 12 ದಿನ ಇದ್ದ. ಎರಡು ಬಾರಿ ಹಾಲು ಉಕ್ಕಿಸಿದ, ಎಣ್ಣೆ ಹಚ್ಚಿದ್ದ ಮಗುವನ್ನು ಎತ್ತಲು ಹೋಗಿ ಇನ್ನೇನು ಜಾರಿಸಿಯೇಬಿಡುತ್ತಿದ್ದ. 40 ದಿನ ಬೆಚ್ಚಗೆ, ಕಿವಿಗೆ ಹತ್ತಿ, ನೀರು ಮಿತವಾಗಿ, ಪಥ್ಯದ ಊಟ. ಇದನ್ನು ನಡೆಸಲು ಹೆಂಗಸರು ಬೇಕು. ಸಿದ್ದಾಪುರದ ಹುಡುಗ ಕೊಯ್ಲು ಮುಗಿಸಿಕೊಂಡು ಹೋಗಲಿ.

ಮಡಿಕೇರಿಯ ಶಿಕ್ಷಕಿ
ಅಮ್ಮಾ, ಹತ್ತಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹಾಲುಣಿಸುವವಳಿಗೆ ನೀರು ಮಿತ ಮಾಡಬೇಕೆಂದು ದಯವಿಟ್ಟು ಹೇಳಿಕೊಡಬೇಡಿ. ಅಮ್ಮ ಬಂದ ವಾರವೇ ನನಗೂ ಆ ಪಥ್ಯ ಆರಂಭವಾಗಿ, ಮಲಬದ್ಧತೆಯಿಂದ ಹೊಲಿಗೆ ಬಿರಿಯುವಂತಾಯಿತು. ಲೋಟಗಟ್ಟಲೆ ಕಾಯಿಸಿದ ನೀರು ಕೊಟ್ಟು ಸರಿಪಡಿಸಿದ್ದು ಹಾಲು ಉಕ್ಕಿಸುವ ಜಾತಿಯ ಗಂಡಸೇ.

ಪೊನ್ನಂಪೇಟೆಯ ಹಿರಿಯರೊಬ್ಬರು
ಐವರಲ್ಲಿ ಯಾರ ಹೊಲಿಗೆಯೂ ಬಿರಿಯಲಿಲ್ಲ. ನಿಮ್ಮ ತಾಯಿಯ ಕೈಗುಣಕ್ಕೆ ನಾನು ಹೊಣೆಯಲ್ಲ.

ಗೋಣಿಕೊಪ್ಪದ ನಿವೃತ್ತ ಸೈನಿಕ
ನನ್ನ ಮೊದಲ ಮಗಳನ್ನು ನಾನು ನೋಡಿದ್ದು ಅವಳಿಗೆ ಏಳು ವಾರ ತುಂಬಿದ ಮೇಲೆ. ರೈಲಿನಲ್ಲಿ ಮೂರು ದಿನ ಬಂದು, ಮಿಲಿಟರಿ ಬೂಟಿನಲ್ಲೇ ಒಳಗೆ ಹೋದರೆ, ಹೆಂಡತಿ ನನ್ನ ಕಡೆಗೆ ನೋಡಲೂ ಇಲ್ಲ. ಊಟ ಸೇರುತ್ತಿರಲಿಲ್ಲ, ಮಗು ಅತ್ತರೂ ಏಳುತ್ತಿರಲಿಲ್ಲ. ಬಾಣಂತಿಯರಿಗೆ ಅದೆಲ್ಲ ಇದ್ದದ್ದೇ ಎಂದರು ಮನೆಯ ಹೆಂಗಸರು. ಹೆರಿಗೆಯ ಮರುದಿನಗಳ ಅಳು, ಮಂಕು ಎರಡು ವಾರದಲ್ಲಿ ಇಳಿಯಬೇಕು, ಇಳಿಯದಿದ್ದರೆ ಅದು ಕಾಯಿಲೆ, ವೈದ್ಯರಿಗೆ ತೋರಿಸಬೇಕು ಎಂದು ನನಗೆ ಹೇಳಿದವರು ಯಾರೂ ಇರಲಿಲ್ಲ. ರಜೆ ಮುಗಿದು ಹೊರಟೆ. ಅವಳು ಚೇತರಿಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು; ಆ ಒಂದೂವರೆ ವರ್ಷದ ಮಾತು ಇಂದಿಗೂ ನಮ್ಮ ಮನೆಯಲ್ಲಿ ಬರುವುದಿಲ್ಲ. ಕೇಂದ್ರ ಸರ್ಕಾರದ ನೌಕರನಾದ ನನ್ನ ಮಗನಿಗೆ ಈಗ 15 ದಿನ ಪಿತೃತ್ವ ರಜೆಯಿದೆ, ಹೆರಿಗೆಯಾದ ಆರು ತಿಂಗಳೊಳಗೆ ಬಳಸಬೇಕು. ಅವನು ಅದನ್ನು ಮನೆ ಸುಣ್ಣಬಣ್ಣಕ್ಕೆ ಬಳಸಿದಾಗ ನಾನು ಅವನೊಡನೆ ಒಂದು ವಾರ ಮಾತನಾಡಲಿಲ್ಲ.

ತೋಟದ ರೈಟರ್, ಪಾಲಿಬೆಟ್ಟ
ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ಸುಂಟಿಕೊಪ್ಪದ ಸಾಹುಕಾರರೇ, 2021ರ ಮಳೆಯನ್ನು ತರಿಸಿದವನು ರೈಟರ್ ಅಲ್ಲ. ಮುಚ್ಚಲು ಟಾರ್ಪಾಲು ಮೊದಲೇ ಕೊಟ್ಟಿದ್ದಿರೋ, ಮಳೆ ಬಂದ ಮೇಲೆ 6,200ಕ್ಕೆ ಕೊಂಡಿರೋ?

ನನ್ನ ಹೆಂಡತಿಗೆ ನೋವು ಬಂದ ರಾತ್ರಿ ನಾನು ಕಣ ಕಾಯುತ್ತಿದ್ದೆ. ಆಳುಗಳ ಲೈನ್‌ಮನೆಯಿಂದ ಹುಡುಗ ಓಡಿ ಬಂದು ಹೇಳಿದ. ಸಾಹುಕಾರರಿಗೆ ಫೋನು ಮಾಡಿ, ಬದಲಿ ಆಳು ಬರುವವರೆಗೆ ಕಾದೆ. 108 ಬಂದು ಅವಳನ್ನು ಒಯ್ದಾಗಿತ್ತು. ಅದಕ್ಕೆ ಮುಂಚೆ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯ ಗರ್ಭಿಣಿ ತಪಾಸಣೆಗೆ ಕರೆದೊಯ್ಯುತ್ತಿದ್ದೆ, ಒಟ್ಟು ಆರು ಸಲ, ಆರು ದಿನದ ಸಂಬಳ ಕಡಿತ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಹೆಂಗಸರ ಹೆರಿಗೆ ರಜೆ 12 ವಾರದಿಂದ 26 ಆಯಿತು; ಅದು ಸಿಗಲು ಹೆರಿಗೆಗೆ ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿರಬೇಕಿತ್ತು, ಅವಳಿಗೆ ದಾಖಲೆಯಲ್ಲಿ 71 ದಿನ ತೋರಿಸಿದರು. ಗಂಡಸಿಗೆ ಆ ಕಾಯ್ದೆಯಲ್ಲಿ ಒಂದು ದಿನವೂ ಇರಲಿಲ್ಲ. ಪ್ರಶ್ನೆ ಕೇಳಿದ ಸಾಹುಕಾರರು ರೈಟರ್ ಕೈಗೆ ತೋಟ ಒಪ್ಪಿಸುವ ಮುನ್ನ, ಆ ರೈಟರ್ ಮನೆಯಲ್ಲಿ ಯಾರಿಗಾದರೂ ತಿಂಗಳು ತುಂಬಿದೆಯೇ ಎಂದು ಒಂದು ಮಾತು ವಿಚಾರಿಸಲಿ.

ಸುಂಟಿಕೊಪ್ಪದ ಬೆಳೆಗಾರ
ಟಾರ್ಪಾಲು ಹಳೆಯದಿತ್ತು, ಹರಿದಿತ್ತು. ಆ ವಿಷಯ ನನಗೂ ನನ್ನ ರೈಟರ್‌ಗೂ ಸಂಬಂಧಿಸಿದ್ದು. 71 ದಿನ ಬರೆದವನು ನಾನಲ್ಲ. ಎಲ್ಲ ಬೆಳೆಗಾರರ ಪರವಾಗಿ ನನ್ನನ್ನು ಕಟಕಟೆಗೆ ಹತ್ತಿಸಬೇಡಿ.

ಕುಶಾಲನಗರದವನು
ನಮ್ಮದು 33ನೇ ವಾರಕ್ಕೇ ಆದ ಹೆರಿಗೆ. ಹೆಂಡತಿಗೆ ರಕ್ತದೊತ್ತಡ ಏರಿ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಮಗು 1 ಕಿಲೋ 600 ಗ್ರಾಂ. ಮೈಸೂರಿನಲ್ಲಿ 22 ದಿನ, 1,96,000 ರೂಪಾಯಿ, ಅದರಲ್ಲಿ 85,000 ಚಿನ್ನ ಅಡವಿಟ್ಟದ್ದು, ಬಡ್ಡಿ ಈಗಲೂ ಕಟ್ಟುತ್ತಿದ್ದೇನೆ. ತಾಯಿ ಏಳುವ ಸ್ಥಿತಿಯಲ್ಲಿರಲಿಲ್ಲ. ಉಸಿರಾಟ ಹದಕ್ಕೆ ಬಂದ ಮೇಲೆ ದಾದಿಯೊಬ್ಬರು ನನ್ನ ಅಂಗಿ ಬಿಚ್ಚಿಸಿ, ಮಗುವನ್ನು ಬರಿಮೈಯಲ್ಲಿ ಎದೆಗೆ ಒರಗಿಸಿ ಬಟ್ಟೆ ಸುತ್ತಿದರು. ಕೊಲಂಬಿಯಾದ ಬೊಗೋಟಾದಲ್ಲಿ 1978ರಲ್ಲಿ, ಇನ್‌ಕ್ಯುಬೇಟರ್ ಸಾಲದ ಆಸ್ಪತ್ರೆಯೊಂದರಲ್ಲಿ ಆರಂಭವಾದ ಈ ಕಾಂಗರೂ ಆರೈಕೆಯನ್ನು ತಂದೆಯೂ ಮಾಡಬಹುದು ಎಂದರು. ದಿನಕ್ಕೆ ಎಂಟು ಗಂಟೆ, ಕೆಲವೊಮ್ಮೆ ಹತ್ತು. ಬೆನ್ನು ಮರಗಟ್ಟುತ್ತಿತ್ತು, ಮೂತ್ರಕ್ಕೆ ಏಳುವಂತಿರಲಿಲ್ಲ. ಪೊನ್ನಂಪೇಟೆಯ ಅಮ್ಮನವರು ಗಂಡಸರಿಗೆ ಕಾಫಿ ಕೊಡುವ ಕೆಲಸ ಹೆಚ್ಚುತ್ತದೆ ಎಂದದ್ದಕ್ಕಾಗಿ ಇಷ್ಟು ಬರೆದೆ.

ಪೊನ್ನಂಪೇಟೆಯ ಹಿರಿಯರೊಬ್ಬರು
ನಿಮ್ಮಂಥವರಿಗೆ ನಾನೇ ಕಾಫಿ ಕೊಡುತ್ತಿದ್ದೆ, ಮಗ. ನಾನು ಹೇಳಿದ್ದು ನನ್ನ ಅಳಿಯನ ವಿಷಯ.

ಸುಂಟಿಕೊಪ್ಪದ ಬೆಳೆಗಾರ
ಪ್ರಶ್ನೆ ಕೇಳಿದವರು ಹೆಂಡತಿಯ ರಕ್ತದ ಗುಂಪು ಯಾವುದೆಂದು ಹೇಳಲೇ ಇಲ್ಲ.

ಸಿದ್ದಾಪುರದವನು
ತಾಯಿ ಕಾರ್ಡ್ ಈಗ ತೆಗೆದು ನೋಡಿದೆ. ಎ ನೆಗೆಟಿವ್ ಎಂದಿದೆ. ಇದು 27ನೇ ವಾರ. ನನ್ನ ರಕ್ತವನ್ನೂ ಪರೀಕ್ಷಿಸಿ ತರುವಂತೆ ವೈದ್ಯರು ಮೊದಲ ತಪಾಸಣೆಯಲ್ಲೇ ಹೇಳಿದ್ದರಂತೆ. ಅವಳು ನನಗೆ ಎರಡು ಸಲ ನೆನಪಿಸಿದ್ದಳಂತೆ; ಒಮ್ಮೆ ಗೊಬ್ಬರ ಹಾಕಿಸುತ್ತಿದ್ದೆ, ಇನ್ನೊಮ್ಮೆ ಎಲ್ಲಿದ್ದೆನೋ ನೆನಪಾಗುತ್ತಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ವಿರಾಜಪೇಟೆಗೆ ಹೊರಟಿದ್ದೇನೆ.