ಕ್ಲಿಪ್ ಹಾಕ್ಸಿದ್ಮೇಲೆ ಕೆಳಗಿನ ಹಲ್ಲು ಅಲ್ಲಾಡ್ತೈತೆ, ಮೂಳೆ ಹೋಯ್ತಾ ಐತಾ?

ಮಂಡ್ಯ_ಹೈದ: ಸಾಕಾಗೋಗೈತೆ ಕಣ್ರಪ್ಪ. ಕೆಳಗಿನ ಮುಂದಲ ಹಲ್ಲು ನಾಲಿಗೇಲಿ ತಳ್ಳುದ್ರೂ ಅಲ್ಲಾಡ್ತೈತೆ, ಡಾಕ್ಟ್ರನ್ನ ಕೇಳುದ್ರೆ ನಾರ್ಮಲ್ಲು ಅಂತಾರೆ, ಎಕ್ಸ್‌ರೇನೂ ತೆಗುದಿಲ್ಲ. ಬಿದ್ದೋದ್ರೆ ಏನ್ ಮಾಡ್ಲಿ?

ತಂತಿ_ಗುರು: ಯಾವ ವೈರು? 19-25 ಸ್ಟೀಲ್ (ನಾಲ್ಕು ಮೂಲೆ ಇರೋ ದಪ್ಪ ವೈರು) ಹಾಕಿ ಪವರ್ ಚೈನ್ (ಹಲ್ಲು ಎಳ್ಯೋ ರಬ್ಬರ್ ಸರ) ಜಾಸ್ತಿ ಎಳ್ದಿರ್ತಾರೆ. ಫೋರ್ಸ್ ಜಾಸ್ತಿ ಆದ್ರೆ ಒತ್ತಿದ ಕಡೆ ರಕ್ತ ಓಡಾಟ ನಿಂತು ಹಲ್ಲು ವಾರಗಟ್ಲೆ ಅಲ್ಲೇ ಕೂತ್ಬಿಡುತ್ತೆ.

ಮಂಡ್ಯ_ಹೈದ: ನಂಬರೆಲ್ಲ ಗೊತ್ತಿಲ್ಲ, ದುಂಡುಕಿರೋ ವೈರು.

ತಂತಿ_ಗುರು: ದುಂಡು ಅಂದ್ರೆ 19-25 ಅಲ್ಲ, ಆದ್ರೂ ಫೋರ್ಸೇ. ಚೈನ್ ಫೋಟೋ ಹಾಕಿ.

ಸೆರಾಮಿಕ್_ರಾಣಿ: ನಾನು ಮೇಲೂ ಕೆಳಗೂ ಸೆರಾಮಿಕ್ಕೇ ಹಾಕ್ಸಿರೋದು, ಒಂದ್ ಚೂರೂ ಅಲ್ಲಾಡಿಲ್ಲ. ಮೆಟಲ್ ಯಾಕ್ ಹಾಕ್ಸ್ತೀರೋ.

ತಂತಿ_ಗುರು: ಹಲ್ಲಿಗೆ ಅಂಟ್ಸೋ ಬ್ರಾಕೆಟ್ ಯಾವ್ದಾದ್ರೇನ್ರೀ, ಎಳ್ಯೋದು ವೈರಲ್ವಾ?

ಕುವೆಂಪುನಗರ_ಅಕ್ಕ: ಚೈನ್ ಇದೆ ಅಂತ ಅವ್ರು ಹೇಳೇ ಇಲ್ವಲ್ಲ ಗುರುಗಳೇ. ಸ್ವಲ್ಪ ಅಲ್ಲಾಡೋದು ಸಹಜವೇ ಕಣಪ್ಪ. ಬೇರು ಮೂಳೆಗೆ ನೇರ ಅಂಟ್ಕೊಂಡಿಲ್ಲ, ಮಧ್ಯ ಸುಮಾರು 0.2 ಮಿ.ಮೀ. ನಾರಿನ ಪದರ ಇದೆ. ಹಲ್ಲು ಒತ್ತೋ ಕಡೆ ಮೂಳೆ ಕರಗುತ್ತೆ, ಬಿಟ್ಟುಬಂದ ಕಡೆ ಹೊಸದು ಕಟ್ಟುತ್ತೆ, ಹಂಗೇ ತಿಂಗಳಿಗೆ ಹೆಚ್ಚುಕಮ್ಮಿ 1 ಮಿ.ಮೀ. ಸರಿಯುತ್ತೆ. ಕರಗೋದು ಬೇಗ, ಕಟ್ಟಿ ಗಟ್ಟಿಯಾಗೋದು ನಿಧಾನ, ಅದಕ್ಕೇ ಸಡಿಲ. ಆದ್ರೆ ವಸಡಲ್ಲಿ ರಕ್ತ ಬರುತ್ತಾ? ವಯಸ್ಸೆಷ್ಟು?

ಮಂಡ್ಯ_ಹೈದ: 34. ರಕ್ತ ಬ್ರಷ್ ಮಾಡ್ದಾಗೆಲ್ಲ ಬತ್ತದೆ, ಕ್ಲಿಪ್ ಹಾಕ್ದೋರ್ಗೆಲ್ಲ ಬರಕಿಲ್ವಾ?

ಕುವೆಂಪುನಗರ_ಅಕ್ಕ: ಮುಖ್ಯವಾದ ವಿಷಯ ಇದೇ ಕಣಪ್ಪ! ತಂತಿ ಒತ್ತಡಕ್ಕೆ ಕರಗಿದ ಮೂಳೆ ವಾಪಸ್ ಕಟ್ಕೊಳ್ಳುತ್ತೆ, ವಸಡು ಊದ್ಕೊಂಡು ಪಾಚಿ ಒಳಗಿಳಿದು ಅಂಚಿನ ಮೂಳೆ ಹೋದ್ರೆ ಅದು ತಾನಾಗೇ ಬರಲ್ಲ. ಊದಿದ ವಸಡಿನ ಮೇಲೆ ತಂತಿ ಎಳೀತಿದ್ರೆ ಇನ್ನೂ ಬೇಗ ಹೋಗುತ್ತೆ. ವಸಡಿನ ಡಾಕ್ಟ್ರ ಹತ್ರ ಹೋಗಿ, ಹಲ್ಲು-ವಸಡಿನ ಸಂದಿಗೆ ಸಣ್ಣ ಕಡ್ಡಿ ಇಳಿಸಿ ಆಳ ಅಳೀತಾರೆ, 3 ಮಿ.ಮೀ. ಒಳಗಿದ್ರೆ ಸರಿ, 5-6 ಬಂದ್ರೆ ಹಲ್ಲು ಎಳೆಯೋದನ್ನ ನಿಲ್ಸಿ ಮೊದ್ಲು ಕ್ಲೀನ್ ಮಾಡ್ಸಿ ಅನ್ನಿ. ಎಕ್ಸ್‌ರೇ ಕೇಳಿ ತೆಗೆಸ್ಕೊಳ್ಳಿ, ಬೇರಿನ ತುದಿ ಸವೆದಿದ್ಯಾ ಅದ್ರಲ್ಲೇ ಗೊತ್ತಾಗುತ್ತೆ.

ಸೆರಾಮಿಕ್_ರಾಣಿ: ಕಬ್ಬು ಸಿಗಿಯೋದು ಬಿಟ್ಟಿದೀರಾ?

ಮಂಡ್ಯ_ಹೈದ: ಕ್ಲಿಪ್ ಹಾಕ್ಸುದ್ಮೇಲೆ ಮುಟ್ಟಿಲ್ಲ, ದಿನಾ ಮುದ್ದೆ ನುಂಗ್ತಾ ಇವ್ನಿ. ಶನಿವಾರ ಮೈಸೂರ್ಗೆ ಹೊಯ್ತೀನಿ ಅಕ್ಕ. ಅಲ್ಲೀಗಂಟ ನೋವಿಗೆ ಐಬುಪ್ರೊಫೆನ್ ತಕೊಳ್ಳಾ?

ಕುವೆಂಪುನಗರ_ಅಕ್ಕ: ಪ್ಯಾರಾಸಿಟಮಾಲ್ ವಾಸಿ. ಐಬುಪ್ರೊಫೆನ್ ದಿನಾ ತಗೊಂಡ್ರೆ ಹಲ್ಲು ಸರಿಯೋದು ನಿಧಾನ ಆಗ್ಬೋದು.

ತಂತಿ_ಗುರು: ಹೋದಾಗ ವೈರ್ ಸೈಜೂ ಕೇಳ್ಕೊಂಡ್ ಬನ್ನಿ.