ಐದು ವರ್ಷದ ಮಗುವಿಗೆ ಮನೆಯಲ್ಲೇ ಕೈಕೆಲಸದ ಕಲಿಕೆ: ಮುಂಜಾನಿ ಮೂರು ತಾಸು ಹ್ಯಾಂಗ ಹೊಂದಿಸೋದು?

ಪ್ರಶ್ನೆ: ಫರ್ಸಿ_ಅಂಗಳ (ಕಲಬುರಗಿ)

ಮಗಳಿಗೆ ಐದು ತುಂಬ್ಯಾವ. ಈ ವರ್ಷ ಯುಕೆಜಿಗೆ ಹಾಕದೆ ಮನೆಯಾಗೇ ಕಲಿಸೋ ವಿಚಾರ ಅದ. ವರ್ಕ್‌ಶೀಟ್ ಬ್ಯಾಡ, ಕೈಲೆ ಮುಟ್ಟಿ ಮಾಡೋದು ಬೇಕು. ಇಪ್ಪತ್ತರ ತನಕ ಬಾಯಿಪಾಠ ಬರ್ತದ, ಆದ್ರ ಸಾಮಾನು ಎಣಸು ಅಂದ್ರ ಒಂದನ್ನೇ ಎರಡು ಸಲ ಎಣಸ್ತಾಳ. ಅಕ್ಷರ ಇನ್ನೂ ಶುರು ಮಾಡಿಲ್ಲ. ಬಿಸಲಿಗೆ ಹತ್ತರ ಮ್ಯಾಲ ಹೊರಗ ಬಿಡಂಗಿಲ್ಲ, ಏಳರಿಂದ ಹತ್ತರ ತನಕ ಸಿಗ್ತದ. ಎರಡು ವರ್ಷದ ಇನ್ನೊಂದು ಕೂಸೂ ಮನ್ಯಾಗ ಅದ.

ಉತ್ತರ: ತೊಗರಿ_ಕಣಜ

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದವರಿಗೆ ಅನ್ವಯಿಸ್ತದ, ಐದು ವರ್ಷಕ್ಕ ಸಾಲಿಗೆ ಹಾಕ್ಲೇಬೇಕಾ ಅನ್ನೋ ಚಿಂತಿ ಬ್ಯಾಡ.

ದಿನಕ್ಕ ಹತ್ತು ಚಟುವಟಿಕೆ ಇಡಬ್ಯಾಡ್ರಿ, ತಯಾರಿ ಮಾಡೂದರಾಗ ನೀವೇ ದಣಿತೀರಿ. ಒಂದು ಸಾಮಾನು ಹಿಡಿದು ಇಡೀ ಮುಂಜಾನಿ ನಡಸ್ರಿ. ಕಲಬುರಗ್ಯಾಗ ಇದ್ದು ತೊಗರಿ ಬಿಟ್ಟು ಬ್ಯಾರೆ ಯಾಕ? ಒಂದು ಕಪ್ ಇಡೀ ತೊಗರಿಗೆ ಅರ್ಧ ಕಪ್ ಬಿಳಿಜೋಳ ಕಲಸಿ ಕೊಡ್ರಿ. ಜೋಳ ಇಳಿದು ತೊಗರಿ ನಿಲ್ಲೋ ಜರಡಿ ಯಾವುದಂತ ಮೊದಲೇ ನೀವು ನೋಡಿಟ್ಟುಕೊಳ್ರಿ. ಸೋಸಿದ ಮ್ಯಾಲ ಉಳಿದದ್ದನ್ನ ಬೆರಳಲೆ ಆರಿಸ್ಲಿ. ಪೆನ್ಸಿಲ್ ಹಿಡಿಯೋ ಬಲ ಬರೋದು ಇದರಿಂದ.

ಎಣಿಕೆಗೆ 30 ಗುಂಡಿಯ ಮೊಟ್ಟೆ ಟ್ರೇ ತಗೊಂಡು, ಸ್ವಚ್ಛ ಇದ್ದದ್ದನ್ನೇ ಬಿಸಲಿಗಿಟ್ಟು, ಐದೈದು ಗುಂಡಿಯ ಎರಡು ಸಾಲಿನಂಗ ಕತ್ತರಿಸ್ರಿ. ಹತ್ತರ ಮೂರು ಚೌಕಟ್ಟು ಸಿಗ್ತಾವ. ಒಂದು ಗುಂಡಿಗೆ ಒಂದೇ ಕಾಳು, ಹಾಕಿದ ಮ್ಯಾಲೇ ಅಂಕಿ ಹೇಳಬೇಕು. ಬಾಯಿ ಕೈಗಿಂತ ಮುಂದ ಓಡೋದೇ ಎರಡು ಸಲ ಎಣಸೋಕೆ ಕಾರಣ. ಹತ್ತಕ್ಕ ನಿಲ್ಲಸ್ರಿ, ಮ್ಯಾಲಿನ ಸಾಲು ತುಂಬಿದ್ರ ಐದು ಅಂತ ನೋಡಿದ ಕೂಡ್ಲೆ ಗೊತ್ತಾಗೋ ತನಕ ಇಪ್ಪತ್ತರ ಮಾತು ಬ್ಯಾಡ.

ಆಮ್ಯಾಲ ಅಳತಿ. ಒಂದು ಗ್ಲಾಸು ಕಾಳು ಉದ್ದನ್ನ ಚೊಂಬಿಗೂ ಅಗಲ ತಾಟಿಗೂ ಸುರುವಿ ಯಾವುದರಾಗ ಹೆಚ್ಚದ ಅಂತ ಕೇಳ್ರಿ. ಚೊಂಬಿನಾಗ ಅಂತಾಳ. ತಿದ್ದಬ್ಯಾಡ್ರಿ, ಆ ವಯಸ್ಸಿನ ಬಹಳ ಮಕ್ಕಳಿಗೆ ಎತ್ತರವೇ ಹೆಚ್ಚು ಅನಸ್ತದ. ವಾಪಸ್ ಅದೇ ಗ್ಲಾಸಿಗೆ ಸುರುವಲಿ.

ಕಡೀಕ ಆರು ಇಡೀ ಕಾಳು, ಆರು ತೊಗರಿಬ್ಯಾಳಿ ಒದ್ದಿ ಬಟ್ಟ್ಯಾಗ ಇಡ್ರಿ. ಕಾಳು ಮೊಳಕಿ ಒಡಿತದ. ಬ್ಯಾಳಿ ಮಾಡುವಾಗ ಕಾಳು ಸೀಳಿ ಮೊಳಕಿ ಬರೋ ಮೂತಿ ಉದುರಿರ್ತದ, ಹಿಂಗಾಗಿ ಬ್ಯಾಳಿ ಕೊಳಿತದ ಅಷ್ಟೇ. ನಮ್ಮ ಬ್ಯಾಸಗ್ಯಾಗ ಬಟ್ಟಿ ಬೇಗ ಒಣಗ್ತದ, ದಿನಕ್ಕ ಮೂರು ಸಲ ನೀರು ಚಿಮುಕಸ್ರಿ, ನಿಲ್ಲಸಬ್ಯಾಡ್ರಿ. ಕಾಳು ಕಿರಾಣಿ ಅಂಗಡಿಯದೇ ಇರ್ಲಿ. ಬಿತ್ತೋ ಬೀಜಕ್ಕ ವಿಷದ ಔಷಧ ಹಚ್ಚಿರ್ತಾರ, ಕೂಸಿನ ಕೈಗೆ ಕೊಡೋದಲ್ಲ.

ಉತ್ತರ: ಕೋಟೆ_ಓಣಿ (ಬೀದರ್)

ಎರಡು ವರ್ಷದ ಕೂಸಿನ ವಿಷಯ ಮೇಲಿನವರು ಬಿಟ್ಟಿದ್ದಾರೆ. ಒಣ ಕಾಳು ಮೂಗಿಗೆ ಹೋದರೆ ಒಳಗಿನ ತೇವಕ್ಕೆ ಉಬ್ಬುತ್ತದೆ. ಆಗ ಪಿನ್ನು, ಹತ್ತಿಕಡ್ಡಿ ಹಾಕಿ ಕೆದಕುವುದು, ಎಣ್ಣೆ ಬಿಡುವುದು ಬೇಡ, ನೇರವಾಗಿ ಕಿವಿ-ಮೂಗು-ಗಂಟಲು ವೈದ್ಯರ ಬಳಿ ಹೋಗಿ. ಕಾಳಿನ ಕೆಲಸವನ್ನು ಚಿಕ್ಕದು ಮಲಗಿದಾಗ, ಅಂಚಿರುವ ದೊಡ್ಡ ಪರಾತದಲ್ಲಿ ಮಾಡಿಸಿ. ಮುಗಿದ ಮೇಲೆ ನೆಲ ಗುಡಿಸುವುದೂ ದೊಡ್ಡವಳ ಪಾಠವೇ.

ಅಕ್ಷರಕ್ಕೆ ಅ ಆ ಇ ಈ ಎಂದು ಶುರು ಮಾಡುವ ಹಟ ಬಿಡಿ. ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆಯಾದ ನಲಿ-ಕಲಿಯ ಕ್ರಮ ರ, ಗ, ಸ, ದ, ಅ. ಎಲ್ಲ ದುಂಡನೆಯ, ಸುಲಭದ ರೂಪಗಳು, ಐದೇ ಅಕ್ಷರಕ್ಕೆ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಮನೆಯಲ್ಲಿ ಶಹಾಬಾದ್ ಫರ್ಸಿ ಇದ್ದರೆ ಒಂದೊಂದು ಕಲ್ಲಿನ ಮೇಲೆ ಒಂದೊಂದು ಅಕ್ಷರ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆಯಿರಿ. ಗೆರೆಯ ಮೇಲೆ ನಡೆಯಲಿ, ಒದ್ದೆ ಬೆರಳಿನಿಂದ ಅಳಿಸಲಿ, ಆಮೇಲೆ ರವೆಯ ತಟ್ಟೆ. ತಟ್ಟೆಯ ತಳಕ್ಕೆ ಕಪ್ಪು ಕಾಗದ, ಮೇಲೆ ಅರ್ಧ ಸೆಂ.ಮೀ. ರವೆ. ಹೆಚ್ಚು ಹಾಕಿದರೆ ಗೆರೆ ಕುಸಿದು ಮುಚ್ಚಿಕೊಳ್ಳುತ್ತದೆ. ಹೊಸ ಅಕ್ಷರ ದಿನಕ್ಕೊಂದಲ್ಲ, ವಾರಕ್ಕೆ ಎರಡು ಸಾಕು.

ಪ್ರಶ್ನೆ: ಫರ್ಸಿ_ಅಂಗಳ

ಜೋಳದ ಹಿಟ್ಟಿಲೆ ಗೊಂಬಿ ಮಾಡಿಸಿದ್ರ ಒಡಿತಾವ, ಹೊಲದ ಮಣ್ಣಿನವೂ ಒಣಗಿದ ಮ್ಯಾಲ ಬಿರಕ ಬಿಡ್ತಾವ. ಯಾಕ?

ಉತ್ತರ: ಎರೆಮಣ್ಣು (ಯಾದಗಿರಿ)

ಎರಡಕ್ಕೂ ಕಾರಣ ಬ್ಯಾರೆ. ಜೋಳದಾಗ ಗ್ಲುಟೆನ್ ಇಲ್ಲ, ಜಿಗುಟು ಬರಂಗಿಲ್ಲ. ಮೈದಾ ಒಂದು ಕಪ್, ಉಪ್ಪು ಅರ್ಧ ಕಪ್, ನೀರು ಒಂದು ಕಪ್, ಎಣ್ಣಿ ಒಂದು ದೊಡ್ಡ ಚಮಚ, ಲಿಂಬಿರಸ ಎರಡು ಸಣ್ಣ ಚಮಚ ಕಲಸಿ ಸಣ್ಣ ಉರಿಮ್ಯಾಲ ತಿರುವ್ರಿ. ಬೋಗುಣಿ ಬಿಟ್ಟು ಮುದ್ದಿ ಆದ್ರ ಇಳಸಿ, ಆರಿದ ಮ್ಯಾಲ ನಾದ್ರಿ. ಜಿಗಟ ಉಳದ್ರ ಇನ್ನೆರಡು ನಿಮಿಷ ಉರಿ ಬೇಕು, ಹಿಟ್ಟು ಸುರುವಬ್ಯಾಡ್ರಿ. ಉಪ್ಪು ಭಾಳ ಇರ್ತದ, ಸಣ್ಣ ಕೂಸು ತಿನ್ನದಂಗ ನೋಡ್ಕೊಳ್ರಿ.

ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗುವಾಗ ಕುಗ್ಗೋ ಜಾತಿ. ಮ್ಯಾಲಿನ ಪದರ ಮೊದಲು ಒಣಗಿ ಎಳಿತದ, ಒಳಗ ಇನ್ನೂ ಹಸಿ ಇರ್ತದ, ಅದಕ್ಕ ಬಿರಕು. ಎರಡು ಪಾಲು ಮಣ್ಣಿಗೆ ಒಂದು ಪಾಲು ಸಣ್ಣ ಉಸುಕು, ಒಂದು ಹಿಡಿ ಕತ್ತರಿಸಿದ ಹುಲ್ಲು ಹಾಕಿ ರಾತ್ರಿ ನೆನೆಸ್ರಿ. ಗೊಂಬಿ ಬೆರಳು ದಪ್ಪಕಿಂತ ಹೆಚ್ಚಿರಬಾರದು. ಬಿಸಲಿಗಿಡದೆ ಒದ್ದಿ ಬಟ್ಟಿ ಮುಚ್ಚಿ ನೆರಳಾಗ ಎರಡು ದಿನ, ಆಮ್ಯಾಲ ಬಟ್ಟಿ ತಗೀರಿ. ಹತ್ತಿ ಹೊಲದ ಮಣ್ಣು ತರಬ್ಯಾಡ್ರಿ, ಔಷಧ ಹೊಡೆದಿರ್ತಾರ.

ಬೀದರದ ಕೆಂಪುಮಣ್ಣು ಒಂದು ಬಾಟ್ಲಿ ಸಿಕ್ರ ಎರಡನ್ನೂ ಬ್ಯಾರೆ ಬ್ಯಾರೆ ನೀರಾಗ ಅಲ್ಲಾಡಸಿ ಕಿಡಕ್ಯಾಗ ಇಡ್ರಿ. ಯಾವ ನೀರು ಮೊದಲು ತಿಳಿ ಆಗ್ತದ ಅಂತ ಮಗಳು ಮೊದಲು ಊಹಿಸಲಿ, ಆಮ್ಯಾಲ ಸಂಜೀಕ ಇಬ್ಬರೂ ನೋಡ್ರಿ.