‘ಪಡಿಯಚ್ಚು’ ಅಂದರೆ ಅಚ್ಚೋ, ಅಚ್ಚಿನಿಂದ ಬಂದದ್ದೋ?

ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ಕುಂಬಾರಿಕೆ ಕಲಿಯುತ್ತಿರುವ ನಾಲ್ಕೈದು ಜನರಿಗೆ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯಲು ಕೂತಿದ್ದೇನೆ. ಮನೆಯ ಬಟ್ಟಲು, ಬಸಿಗಳಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚು ತೆಗೆದು, ಅದರಿಂದ ಮಣ್ಣಿನ ಪಾತ್ರೆ ಮಾಡುವ ಕ್ರಮ. ಕೆಲಸ ಕೈಗೆ ಬಂತು, ಪದಗಳು ಬರುತ್ತಿಲ್ಲ.

‘ಅಪ್ಪನ ಪಡಿಯಚ್ಚು’ ಅಂದರೆ ಮಗ ಅಪ್ಪನ ಹಾಗೇ ಇದ್ದಾನೆ ಅಂತ, ಅಲ್ವಾ? ಬಟ್ಟಲಿನಿಂದ ತೆಗೆದ ಪ್ಲಾಸ್ಟರ್ ಹಾಗಿರುವುದಿಲ್ಲ. ಬಟ್ಟಲು ತಗ್ಗಿದ್ದಲ್ಲಿ ಇದು ಉಬ್ಬು. ಹಾಗಾಗಿ ಪ್ಲಾಸ್ಟರಿನದನ್ನು ಬರೀ ‘ಅಚ್ಚು’ ಎಂದೂ, ಅದರಿಂದ ಬಂದ ಮಣ್ಣಿನ ಬಟ್ಟಲನ್ನು ‘ಪಡಿಯಚ್ಚು’ ಎಂದೂ ಬರೆದೆ. ಅದೂ ಪೂರಾ ಹೊಂದುವುದಿಲ್ಲ. ಒಣಗಿ ಸುಡುವಷ್ಟರಲ್ಲಿ ಮಣ್ಣು ಶೇಕಡಾ 10ರ ಆಸುಪಾಸು ಕುಗ್ಗುತ್ತದೆ. ಇಲ್ಲಿ ಮಗ ಯಾವಾಗಲೂ ಅಪ್ಪನಿಗಿಂತ ಗಿಡ್ಡ!

ಕಾರವಾರದ ಗೆಳೆಯರೊಬ್ಬರು ಕೊಂಕಣಿಯ ‘ಸಾಚೊ’ ತಗೊಳ್ಳಿ ಅಂದರು. ‘ಅವನೇನು ಸಾಚಾ ಅಲ್ಲ’ ಅನ್ನುವ ಕಿವಿಗೆ ಅದು ಬೇರೇನೋ ಕೇಳಿಸೀತು ಅಂತ ಬಿಟ್ಟೆ.

ಇನ್ನು ಪ್ಲಾಸ್ಟರ್ ಸುರಿಯುವುದಕ್ಕೆ ನಾನು ಬರೆದ ‘ಎರಕ’. ಅದು ಕರಗಿದ ಲೋಹಕ್ಕೆ ಮಾತ್ರ ಅಂತ ಒಬ್ಬರ ತಕರಾರು. ಪ್ಲಾಸ್ಟರ್ ಕರಗಿಸುವುದಲ್ಲ. 100 ಗ್ರಾಂ ಪುಡಿಗೆ ಸುಮಾರು 70 ಗ್ರಾಂ ನೀರು. ಪುಡಿಯನ್ನು ನೀರಿಗೆ ಉದುರಿಸಿ ಕಲಸಿದರೆ ಅರ್ಧ ಗಂಟೆಯೊಳಗೆ ಬಿಸಿಯಾಗಿ ಗಟ್ಟಿಯಾಗುತ್ತದೆ. ಆದರೆ ಎರಕ ಹುಟ್ಟಿದ್ದು ‘ಎರೆ’ಯಿಂದ. ನಮ್ಮ ಕಡೆ ತೆಳ್ಳೇವು (ತೆಳು ದೋಸೆ) ಎರೆಯುತ್ತಾರೆ, ತಲೆಗೆ ನೀರು ಎರೆಯುತ್ತಾರೆ. ಹಿಟ್ಟಿನ ಹದದಲ್ಲಿರುವ ಪ್ಲಾಸ್ಟರನ್ನು ಎರೆದರೆ ತಪ್ಪೇನು? ಇದನ್ನು ನಾನು ಬದಲಿಸುವುದಿಲ್ಲ.

ಅಚ್ಚಿನಲ್ಲಿ ಎರಡು ಬಗೆ. ಬಟ್ಟಲಿನೊಳಗೆ ಪ್ಲಾಸ್ಟರ್ ಎರೆದರೆ ಗುಡ್ಡದಂಥ ಅಚ್ಚು; ಮಣ್ಣಿನ ಹಾಳೆಯನ್ನು ಅದರ ಮೇಲೆ ಹೊದಿಸಬೇಕು. ಬಟ್ಟಲನ್ನು ಕವುಚಿಟ್ಟು ಸುತ್ತ ಗೋಡೆ ಕಟ್ಟಿ ಎರೆದರೆ ಗುಳಿಯಂಥ ಅಚ್ಚು. ಹಾಳೆಯನ್ನು ಒಳಗೆ ಒತ್ತಬೇಕು. ‘ಒಳ ಅಚ್ಚು, ಹೊರ ಅಚ್ಚು’ ಎಂದು ಬರೆದಿದ್ದೆ. ಓದಿದವರಲ್ಲಿ ಅರ್ಧ ಜನ ಉಲ್ಟಾ ತಿಳಿದರು. ಸುಮ್ನೆ ಬಿಡುವ ಹಾಗಿಲ್ಲ. ಗುಡ್ಡದ ಮೇಲಿನ ಮಣ್ಣು ಕುಗ್ಗುತ್ತಾ ಅಚ್ಚನ್ನೇ ಬಿಗಿದು ಬಿರುಕು ಬಿಡುತ್ತದೆ, ಬೇಗ ತೆಗೆಯಬೇಕು. ಗುಳಿಯಲ್ಲಿರುವುದು ತಾನೇ ಅಂಚು ಬಿಟ್ಟು ಎದ್ದು ಬರುತ್ತದೆ. ಕೊನೆಗೆ ಪರಿಹಾರ ಕೊಟ್ಟವರು ನಮ್ಮತ್ತೆ. ಗುಡ್ಡದ ಅಚ್ಚು ನೋಡಿ ‘ಇದು ಬೋರಲು ಬಿದ್ದಾಂಗೆ ಇದ್ದಲೋ’ ಅಂದರು. ಒಂದು ಬೋರಲಚ್ಚು, ಇನ್ನೊಂದು ಅಂಗಾತ ಅಚ್ಚು. ಈಗ ಯಾರೂ ತಪ್ಪು ತಿಳಿಯುತ್ತಿಲ್ಲ.

ನಿಜವಾಗಿ ಸಿಕ್ಕಿಬಿದ್ದಿದ್ದು ಬೇರೆ ಕಡೆ. ತಂಬಿಗೆಯ ಹಾಗೆ ಬಾಯಿ ಒಳಬಾಗಿದ್ದರೆ ಗಟ್ಟಿಯಾದ ಪ್ಲಾಸ್ಟರ್ ಹೊರಬರುವುದಿಲ್ಲ. ಸೋಪು, ವ್ಯಾಸಲೀನ್ ಎಷ್ಟು ಸವರಿದರೂ ಅಷ್ಟೇ; ಒಂದು ಪಿಂಗಾಣಿ ಬಟ್ಟಲು ಒಡೆದೇ ಕಲಿತೆ. ಹೀಗೆ ಕಚ್ಚಿ ಹಿಡಿಯುವ ಒಳಬಾಗಿಗೆ ಏನನ್ನಬೇಕು? ‘ಒಳ’ಕ್ಕೆ ‘ಕಚ್ಚು’ ಸೇರಿಸಿದೆ. ಆದೇಶ ಸಂಧಿಯಾಗಿ ‘ಒಳಗಚ್ಚು’ ಆಯಿತು. ಓದಿದವರು ಅದನ್ನು ‘ಒಳಗೆ ಅಚ್ಚು’ ಎಂದು ಬಿಡಿಸಿದರು! ಸಂಧಿ ಮಾಡದೆ ‘ಒಳಕಚ್ಚು’ ಎಂದೇ ಬರೆಯಲೇ? ಅಥವಾ ಗಣಪತಿ ಮಾಡುವವರಲ್ಲಿ, ಎರಕದವರಲ್ಲಿ ಇದಕ್ಕೆ ಬಳಕೆಯ ಮಾತೇ ಇದೆಯೇ? ಕೇಳಿದ್ದರೆ ಯಾವ ಊರಲ್ಲಿ ಕೇಳಿದ್ದು ಅಂತಲೂ ಬರೆಯಿರಿ.